ಆರು ಅಕ್ಕಂದಿರ ತಮ್ಮ

ಇಂಗ್ಲೆಂಡಿನ ಕಿಂಕ್ಸ್ ಅನ್ನುವ ರಾಕ್ ತಂಡಕ್ಕೆ ಹಾಡು ಬರೆದು ಹಾಡಿದ ರೇ ಡೇವಿಸ್ ಬಗ್ಗೆ ಬರೆಯಬೇಕೆಂದರೆ ಅವನ ಅಕ್ಕಂದಿರಿಂದಲೇ ಶುರು ಮಾಡಬೇಕು. ಬಹಳ ಜನ ಗಿಟಾರಿನಿಂದ ಶುರು ಮಾಡುತ್ತಾರೆ. 1964ರಲ್ಲಿ ಕಿಂಕ್ಸ್ ತಂಡದ 'ಯು ರಿಯಲಿ ಗಾಟ್ ಮಿ' ಬಂತು, ರಾಕ್ ಗಿಟಾರಿಗೆ ಒರಟು ದನಿ ಬಂತು, ಮುಂದೆ ಹೆವಿ ಮೆಟಲ್ ತನಕ ದಾರಿ ತೆರೆಯಿತು ಅಂತ. ಅದು ಸುಳ್ಳೇನಲ್ಲ. ಆದರೆ ವರ್ಷಗಟ್ಟಲೆ ಅವನ ಹಾಡುಗಳನ್ನು ಕೇಳುತ್ತಾ ಬಂದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಈ ಮನುಷ್ಯ ಜೀವನವಿಡೀ ಬರೆದದ್ದು ಒಂದು ಮನೆಯ ಕಥೆ. ಆ ಮನೆಯಿಂದ ಒಬ್ಬೊಬ್ಬರಾಗಿ ಹೊರಟುಹೋದ ಹೆಣ್ಣುಮಕ್ಕಳ ಕಥೆ.

ಮನೆ ಇದ್ದದ್ದು ಉತ್ತರ ಲಂಡನ್ನಿನ ಫೋರ್ಟಿಸ್ ಗ್ರೀನ್‌ನಲ್ಲಿ, ಮಸ್ವೆಲ್ ಹಿಲ್ ಪಕ್ಕ. ಡೆನ್ಮಾರ್ಕ್ ಟೆರೇಸ್, ನಂಬರ್ 6. ಎದುರಿಗೇ ಕ್ಲಿಸೋಲ್ಡ್ ಆರ್ಮ್ಸ್ ಅನ್ನುವ ಪಬ್ಬು. ಫ್ರೆಡ್ ಮತ್ತು ಆನಿ ಡೇವಿಸ್ ದಂಪತಿಗೆ ಎಂಟು ಮಕ್ಕಳು, ಮೊದಲ ಆರೂ ಹೆಣ್ಣು. 1944ರ ಜೂನ್ 21ರಂದು ಹುಟ್ಟಿದ ರೇ ಏಳನೆಯವನು. 1947ರಲ್ಲಿ ಡೇವ್ ಹುಟ್ಟಿದ, ಅವನೇ ಕೊನೆ. ದೊಡ್ಡಕ್ಕಂದಿರಿಗೂ ಈ ಹುಡುಗರಿಗೂ ಇಪ್ಪತ್ತು ವರ್ಷದಷ್ಟು ಅಂತರ. ಅಂದರೆ ಹುಡುಗರಿಗೆ ಒಬ್ಬಳಲ್ಲ, ಏಳು ಜನ ತಾಯಂದಿರು.

ಮುಂದಿನ ಕೋಣೆಯಲ್ಲಿ ಒಂದು ಪಿಯಾನೋ ಇತ್ತು. ಶನಿವಾರ ರಾತ್ರಿ ಪಬ್ಬಿನಿಂದ ಬಂದವರೆಲ್ಲ ಅದರ ಸುತ್ತ ಸೇರಿ ಹಾಡುತ್ತಿದ್ದರು. ಅಪ್ಪ ಅಮ್ಮನಿಗೆ ಹಳೆಯ ಮ್ಯೂಸಿಕ್ ಹಾಲ್ ಹಾಡುಗಳು, ಅಂದರೆ ರಂಗಮಂದಿರದ ಮನರಂಜನೆಯ ಹಾಡುಗಳು ಇಷ್ಟ. ಅಕ್ಕಂದಿರಲ್ಲಿ ಒಬ್ಬಳಿಗೆ ಜಾಝ್, ಇನ್ನೊಬ್ಬಳಿಗೆ ಆಗತಾನೇ ಬರುತ್ತಿದ್ದ ರಾಕ್ ಅಂಡ್ ರೋಲ್. ರೇ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ. ಜಾಸ್ತಿ ಮಾತಾಡುವ ಹುಡುಗನಲ್ಲ. ಅವನ ಹಾಡುಗಳಲ್ಲಿ ಆಗಾಗ ತೂರಿ ಬರುವ ಹಳೆಯ ನಾಟಕ ಕಂಪನಿಯಂಥ ಠೀವಿ ಆ ಕೋಣೆಯದು.

ಆರು ಜನರಲ್ಲಿ ಒಬ್ಬಳು ರೀನಿ. ಕೆನಡಾದವನನ್ನು ಮದುವೆಯಾಗಿ ಅಲ್ಲಿಗೆ ಹೋಗಿದ್ದವಳು, ಸಂಸಾರ ಸರಿಹೋಗದೆ ತವರಿಗೆ ಬಂದಿದ್ದಳು. ಅವಳ ಹೃದಯ ಗಟ್ಟಿಯಿರಲಿಲ್ಲ. ಆದರೆ ಕುಣಿಯುವುದೆಂದರೆ ಅವಳಿಗೆ ಪ್ರಾಣ. 1957ರ ಜೂನ್‌ನಲ್ಲಿ, ತಮ್ಮನ 13ನೇ ಹುಟ್ಟುಹಬ್ಬಕ್ಕೆ ಅವಳು ಒಂದು ಸ್ಪ್ಯಾನಿಷ್ ಗಿಟಾರ್ ಕೊಟ್ಟಳು. ಅದು ಅವನ ಮೊದಲ ಗಿಟಾರ್. ಅದೇ ರಾತ್ರಿ ಲಂಡನ್ನಿನ ನಡುಮಧ್ಯದ ಲೈಸಿಯಂ ಬಾಲ್‌ರೂಮಿಗೆ ಡ್ಯಾನ್ಸ್ ಮಾಡಲು ಹೋದಳು. ಬ್ಯಾಂಡಿನವರು 'ಓಕ್ಲಹೋಮ' ಅನ್ನುವ ಅಮೆರಿಕಾದ ಸಂಗೀತ ನಾಟಕದ ಒಂದು ಹಾಡು ನುಡಿಸುತ್ತಿದ್ದರು. ಕುಣಿಯುತ್ತಿದ್ದ ಹಾಗೆಯೇ ಕುಸಿದು ಪ್ರಾಣ ಬಿಟ್ಟಳು. ಅವಳಿಗೆ ಆಗ 31.

ಹುಡುಗ ಇನ್ನಷ್ಟು ಮೌನಿಯಾದ. ಸ್ವಲ್ಪ ಕಾಲ ದೊಡ್ಡಕ್ಕ ರೋಸಿ ಮತ್ತು ಭಾವ ಅರ್ಥರ್ ಅವರ ಮನೆಯಲ್ಲಿ ಬೆಳೆದ. ಈ ಮೂರು ಹೆಸರನ್ನು ನೆನಪಿಟ್ಟುಕೊಳ್ಳಿ. ರೀನಿ, ರೋಸಿ, ಅರ್ಥರ್. ಮೂವರೂ ಮುಂದೆ ಹಾಡುಗಳಲ್ಲಿ ಬರುತ್ತಾರೆ.

ಆರ್ಟ್ ಸ್ಕೂಲು, ಸಣ್ಣಪುಟ್ಟ ಬ್ಯಾಂಡುಗಳು, ಇವೆಲ್ಲ ಆ ಕಾಲದ ಎಲ್ಲ ಇಂಗ್ಲಿಷ್ ಹುಡುಗರ ಕಥೆಯೇ. 1963ರ ಕೊನೆಯ ಹೊತ್ತಿಗೆ ಕಿಂಕ್ಸ್ ತಂಡ ಸಿದ್ಧವಾಗಿತ್ತು. ರೇ, ಡೇವ್, ಬೇಸ್ ಗಿಟಾರಿಗೆ ಪೀಟ್ ಕ್ವೇಫ್. ಡ್ರಮ್ಮಿಗೆ ಮುಂದಿನ ವರ್ಷ ಮಿಕ್ ಏವರಿ ಬಂದ. ಮೊದಲ ಎರಡು ರೆಕಾರ್ಡುಗಳು ನೆಲ ಕಚ್ಚಿದವು. ಮೂರನೆಯದೂ ಹೋಗಿದ್ದರೆ ಕಂಪನಿಯವರು ಇವರನ್ನು ಉಳಿಸಿಕೊಳ್ಳುತ್ತಿದ್ದದ್ದು ಅನುಮಾನ.

ಆ ಮೂರನೇ ಹಾಡೇ 'ಯು ರಿಯಲಿ ಗಾಟ್ ಮಿ'. ರೇ ಅದನ್ನು ಕಟ್ಟಿದ್ದು ಮುಂದಿನ ಕೋಣೆಯ ಅದೇ ಪಿಯಾನೋ ಮೇಲೆ. ಅದಕ್ಕೆ ಆ ಒರಟು ಗಿಟಾರ್ ದನಿ ಕೊಟ್ಟವನು ಮಾತ್ರ ಡೇವ್. ಅವನ ಹತ್ತಿರ ಹಸಿರು ಬಣ್ಣದ ಒಂದು ಅಗ್ಗದ ಪುಟ್ಟ ಆಂಪ್ಲಿಫೈಯರ್ ಇತ್ತು, ಎಲ್ಪಿಕೋ ಅಂತ. ಅದರ ಸದ್ದು ತೀರಾ ಸಪ್ಪೆ. ಒಂದು ದಿನ ಸಿಟ್ಟಿಗೆ ಬ್ಲೇಡ್ ತೊಗೊಂಡು ಅದರ ಸ್ಪೀಕರಿನ ಕಾಗದದ ಕೋನನ್ನೇ ಸೀಳಿಬಿಟ್ಟ. ತಂತಿ ಮೀಟಿದಾಗ ಆ ಹರಿದ ಕಾಗದ ಅದುರಿ ಗರಗರ ಅನ್ನತೊಡಗಿತು. ಅದನ್ನು ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದ. 17 ವರ್ಷದ ಹುಡುಗ! ಇವತ್ತು ಒಂದು ಪೆಡಲ್ ಒತ್ತಿದರೆ ಸಿಗುವ ಆ ಒರಟು ದನಿ ಆಗ ಹೀಗೆ ಬ್ಲೇಡಿನಿಂದ ಸಿಕ್ಕಿತು.

ಮೊದಲ ಸಲ ರೆಕಾರ್ಡ್ ಮಾಡಿದಾಗ ಹಾಡು ನಿಧಾನವಾಗಿ, ಎಕೋ ತುಂಬಿಕೊಂಡು ಬಂದಿತ್ತು. ರೇ ಒಪ್ಪಲಿಲ್ಲ. ಎರಡು ಸೋಲಿನ ಮೇಲೆ ನಿಂತಿದ್ದ 20 ವರ್ಷದವನು ಕಂಪನಿಯವರ ಮುಂದೆ ಹಟ ಹಿಡಿದು ಮತ್ತೆ ರೆಕಾರ್ಡ್ ಮಾಡಿಸಿದ. ಆ ಸೆಪ್ಟೆಂಬರಿನಲ್ಲಿ ಹಾಡು ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ನಂಬರ್ 1.

ಅದೇ ವರ್ಷ ರೋಸಿ ಮತ್ತು ಅರ್ಥರ್ ಆಸ್ಟ್ರೇಲಿಯಾಕ್ಕೆ ವಲಸೆ ಹೋದರು.

1965ರ ಜನವರಿಯಲ್ಲಿ ತಂಡ ಆಸ್ಟ್ರೇಲಿಯಾಕ್ಕೆ ಹೊರಟಾಗ ದಾರಿಯಲ್ಲಿ ಬಾಂಬೆಯಲ್ಲಿ ತಂಗಿತು. ನಸುಕಿನಲ್ಲಿ ರೇ ಎದ್ದು ಹೊರಗೆ ಬಂದರೆ ಬಲೆ ಹೊತ್ತುಕೊಂಡು ಮೀನುಗಾರರು ಕೆಲಸಕ್ಕೆ ಹೋಗುತ್ತಿದ್ದರು, ಏನೋ ಹಾಡಿಕೊಂಡು. ಆ ದನಿ ಅವನನ್ನು ಬಿಡಲಿಲ್ಲ. ಊರಿಗೆ ಹೋಗಿ 'ಸೀ ಮೈ ಫ್ರೆಂಡ್ಸ್' ಬರೆದ. ಜುಲೈ ಕೊನೆಗೆ ಅದು ಬಂತು. ಬೀಟಲ್ಸ್ ತಮ್ಮ ರೆಕಾರ್ಡಿನಲ್ಲಿ ಸಿತಾರ್ ಕೇಳಿಸಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಈ ಹಾಡನ್ನು ನಮ್ಮವರು ಕೇಳಲೇಬೇಕು. ಇದರಲ್ಲಿ ಸಿತಾರೂ ಇಲ್ಲ, ತಬಲಾನೂ ಇಲ್ಲ. ಇರುವುದು 12 ತಂತಿಯ ಒಂದು ಗಿಟಾರ್, ಆಂಪ್ಲಿಫೈಯರಿನ ಸದ್ದು ಮತ್ತೆ ಗಿಟಾರಿಗೇ ಬಂದು ಮೊರೆಯುವ ಅದರ ಫೀಡ್‌ಬ್ಯಾಕ್. ಅಷ್ಟರಲ್ಲೇ ಶ್ರುತಿ ನಿಂತುಬಿಡುತ್ತದೆ. ತಂಬೂರಿಯ ಹಾಗೆ ಆ ಒಂದು ಸ್ವರ ಹಿಂದೆ ಮೊರೆಯುತ್ತಲೇ ಇರುತ್ತದೆ, ಹಾಡು ಅದರ ಸುತ್ತ ಸಣ್ಣ ಅಂತರದಲ್ಲಿ ಓಡಾಡಿ ಮತ್ತೆ ಅಲ್ಲಿಗೇ ಬಂದು ಸೇರುತ್ತದೆ. ರೇ ದನಿಯೂ ಎಂದಿನಂತಿಲ್ಲ. ಸ್ವಲ್ಪ ಮೂಗಿನಿಂದ, ಉಸಿರು ಎಳೆದುಕೊಂಡು, ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ. ಆಮೇಲೆ ಇಂಗ್ಲೆಂಡಿನ ಎಷ್ಟೋ ಬ್ಯಾಂಡುಗಳು ಸಿತಾರ್ ತಂದು ಅಲಂಕಾರಕ್ಕೆ ಇಟ್ಟುಕೊಂಡವು. ನಮ್ಮ ಸಂಗೀತದ ಒಳಗಿನದು ಏನಾದರೂ ಆ ಕಾಲದ ಪಾಪ್ ಹಾಡಿಗೆ ದಾಟಿದ್ದರೆ ಅದು ಇಲ್ಲಿ ದಾಟಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹಾಡಿನಲ್ಲಿ ಒಬ್ಬಳು ಹೊರಟುಹೋಗಿದ್ದಾಳೆ. ಗೆಳೆಯರು ನದಿಯ ಆಚೆ ಆಡುತ್ತಿದ್ದಾರೆ. ಇವನು ಈಚೆ ದಡದಲ್ಲಿ ನಿಂತು ನೋಡುತ್ತಿದ್ದಾನೆ. ಇದು ರೀನಿಯ ಸಾವಿನ ಹಾಡು ಅಂತ ಮುಂದೆ ರೇ ಹೇಳಿದ್ದಾನೆ. ನದಿ ದಾಟಿ ಹೋದವರು ಅಂದರೆ ಯಾರು ಅಂತ ನಮಗೆ ವಿವರಿಸಬೇಕಿಲ್ಲ ಅಲ್ವಾ. 13ರ ವಯಸ್ಸಿನಲ್ಲಿ ಬಾಯಿ ಬಿಡದೆ ನುಂಗಿಕೊಂಡದ್ದು ಎಂಟು ವರ್ಷದ ನಂತರ, ಸಮುದ್ರಕ್ಕೆ ಹೊರಟ ಗುರುತಿಲ್ಲದವರ ಹಾಡು ಕಿವಿಗೆ ಬಿದ್ದ ಮೇಲೆ, ಹೊರಗೆ ಬಂತು.

ಅದೇ ಬೇಸಿಗೆಯಲ್ಲಿ ಕಿಂಕ್ಸ್ ಅಮೆರಿಕಾಕ್ಕೆ ಹೋಯಿತು. ಪ್ರವಾಸ ಕೆಟ್ಟದಾಗಿ ನಡೆಯಿತು. ದುಡ್ಡಿನ ಜಗಳ, ಒಂದು ಟಿವಿ ಸ್ಟುಡಿಯೋದಲ್ಲಿ ಕೈ ಕೈ ಮಿಲಾಯಿಸಿದ್ದು, ಎಲ್ಲಾ ಸೇರಿ ಅಲ್ಲಿನ ಸಂಗೀತಗಾರರ ಯೂನಿಯನ್ ಇವರಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ನಾಲ್ಕು ವರ್ಷ, 1969ರ ತನಕ. ಇಂಗ್ಲೆಂಡಿನ ಬೇರೆ ತಂಡಗಳೆಲ್ಲ ಅಮೆರಿಕಾದಲ್ಲಿ ಹೆಸರು, ಹಣ ಎರಡನ್ನೂ ಬಾಚಿಕೊಳ್ಳುತ್ತಿದ್ದ ಕಾಲ ಅದು. ಇವರು ಮನೆಯಲ್ಲಿ.

ಜಗಳ ಈ ತಂಡಕ್ಕೆ ಹೊಸದಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ಡಿಫ್‌ನ ಸ್ಟೇಜಿನ ಮೇಲೆಯೇ ಮಿಕ್ ಏವರಿ ಡ್ರಮ್ಮಿನ ಸ್ಟ್ಯಾಂಡಿನಿಂದ ಡೇವ್ ತಲೆಗೆ ಹೊಡೆದಿದ್ದ, 16 ಹೊಲಿಗೆ. ಅಣ್ಣ ತಮ್ಮಂದಿರ ನಡುವಿನ ಜಗಳವಂತೂ ಮುಗಿಯುವ ಮಾತೇ ಅಲ್ಲ. ರೇ ಜೊತೆ ಕೆಲಸ ಮಾಡುವುದು ಕಷ್ಟವಿತ್ತು. ಡೇವ್‌ಗೆ ಸಲ್ಲಬೇಕಾದ ಪಾಲು ಎಷ್ಟೋ ಸಲ ಸಲ್ಲಲಿಲ್ಲ ಅನ್ನುವುದು ನನ್ನ ಅನಿಸಿಕೆ. ಆ ಬ್ಲೇಡು ಅವನದು, ಎಷ್ಟೋ ಹಾಡುಗಳಲ್ಲಿ ಎದೆಗೆ ತಾಕುವ ಮೇಲುದನಿಯೂ ಅವನದು.

ಅಮೆರಿಕಾದ ಬಾಗಿಲು ಮುಚ್ಚಿದ್ದರಿಂದ ರೇ ತನ್ನ ಬೀದಿಯನ್ನು ನೋಡತೊಡಗಿದ. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಹೋಗಿ ಬರುವವರನ್ನು ನೋಡುವ ಹಿರಿಯರ ಹಾಗೆ, ಇಪ್ಪತ್ತರ ಹರೆಯದಲ್ಲೇ. ಫ್ಯಾಷನ್ ಹಿಂದೆ ಓಡುವ ಯುವಕ, ತೆರಿಗೆಯವರು ಎಲ್ಲವನ್ನೂ ಹೊತ್ತುಕೊಂಡು ಹೋದ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂತ ಶ್ರೀಮಂತ, ಬಾಡಿಗೆಗೆ ದುಡ್ಡಿಲ್ಲದ ಸಂಸಾರ, ಎಲೆ ಗುಡಿಸುವ ಗೂನು ಬೆನ್ನಿನ ತೋಟದ ಮಾಲಿ. 1966ರ ಮಾರ್ಚಿನಲ್ಲಿ ಕೆಲಸದ ಒತ್ತಡಕ್ಕೆ ಮನಸ್ಸು ಪೂರಾ ಕುಸಿದು ಮನೆ ಹಿಡಿದ. ಎದ್ದು ಬಂದ ಮೇಲೆ ಬಂದ 'ಸನ್ನಿ ಆಫ್ಟರ್‌ನೂನ್' ಆ ಬೇಸಿಗೆಯಲ್ಲಿ ನಂಬರ್ 1 ಆಯಿತು. ಅದೇ ವರ್ಷದ 'ಫೇಸ್ ಟು ಫೇಸ್' ಆಲ್ಬಮ್ಮಿನಲ್ಲಿ ಒಂದು ಹಾಡಿದೆ, 'ರೋಸಿ ವೋಂಟ್ ಯು ಪ್ಲೀಸ್ ಕಮ್ ಹೋಮ್'. ಮನೆಗೆ ಬಾರೇ ರೋಸಿ ಅಂತ ಮನೆಯವರು ಕರೆಯುವ ಹಾಡು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋದವರು ಆಗ ಸುಲಭಕ್ಕೆ ವಾಪಸ್ ಬರುವ ಹಾಗಿರಲಿಲ್ಲ. ಹಡಗು ಹತ್ತಿಸಿದರೆ ಮುಗಿಯಿತು.

ಇನ್ನು 'ವಾಟರ್‌ಲೂ ಸನ್‌ಸೆಟ್'. 1967ರ ಮೇ. ಬ್ರಿಟನ್ನಿನಲ್ಲಿ 2ನೇ ಜಾಗಕ್ಕೆ ಬಂತು.

ರೇ ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ಥೇಮ್ಸ್ ನದಿ ದಂಡೆಯ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ. ಗಂಟಲಿಗೆ ಕೊಳವೆ ಹಾಕಿದ್ದರು, ಮಾತಾಡುವಂತಿರಲಿಲ್ಲ. ನರ್ಸುಗಳು ಅವನನ್ನು ಬಾಲ್ಕನಿಗೆ ಕರೆತಂದು ನದಿ ತೋರಿಸುತ್ತಿದ್ದರು. ಮುಂದೆ ಆರ್ಟ್ ಸ್ಕೂಲಿಗೆ ಹೋಗುವಾಗ ದಾಟುತ್ತಿದ್ದದ್ದೂ ಅದೇ ನದಿಯನ್ನು. ಹಾಡಿನಲ್ಲಿ ಒಬ್ಬ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಶುಕ್ರವಾರ ರಾತ್ರಿ ಟೆರ್ರಿ ಮತ್ತು ಜೂಲಿ ಅನ್ನುವ ಜೋಡಿ ವಾಟರ್‌ಲೂ ಸ್ಟೇಷನ್ ಹತ್ತಿರ ಸೇರಿ, ನದಿ ದಾಟಿ ಹೋಗುತ್ತದೆ. ಅವನು ಕಿಟಕಿಯಲ್ಲೇ ಉಳಿಯುತ್ತಾನೆ. ಅವನಿಗೆ ಅದೇ ಸಾಕು. ಅಷ್ಟೇ ಹಾಡು.

ಟೆರ್ರಿ, ಜೂಲಿ ಅಂದರೆ ಆ ಕಾಲದ ಸಿನಿಮಾ ತಾರೆಯರಾದ ಟೆರೆನ್ಸ್ ಸ್ಟ್ಯಾಂಪ್, ಜೂಲಿ ಕ್ರಿಸ್ಟಿ ಅಂತ ಪತ್ರಿಕೆಗಳು ಬರೆದವು. ಇವತ್ತಿಗೂ ಎಷ್ಟೋ ಜನ ಹಾಗೇ ಬರೆಯುತ್ತಾರೆ. ಆದರೆ ಅಕ್ಕ ತನ್ನ ಹುಡುಗನ ಜೊತೆ ಬೇರೆ ದೇಶಕ್ಕೆ ಹೊರಡುವ ಕಲ್ಪನೆ ಅದು ಅಂತ ರೇ ಹೇಳಿದ್ದಾನೆ. ಟೆರ್ರಿ ಅನ್ನುವುದು ರೋಸಿಯ ಮಗನ ಹೆಸರು. ಮತ್ತೆ ಅದೇ ನದಿ, ಮತ್ತೆ ದಾಟಿ ಹೋಗುವವರು, ಮತ್ತೆ ಈಚೆ ಉಳಿದವನು. ಎರಡು ವರ್ಷದ ಹಿಂದೆ ದುಃಖವಾಗಿದ್ದದ್ದು ಇಲ್ಲಿ ಹಾರೈಕೆಯಾಗಿದೆ. ಹೋದವರು ಚೆನ್ನಾಗಿರಲಿ ಅಂತ.

ಈ ಹಾಡಿನ ಮಾತುಗಳನ್ನು ತಂಡದವರಿಗೂ ತೋರಿಸಲು ಅವನಿಗೆ ಸಂಕೋಚವಿತ್ತು. ಹಾಡುವ ಹೊತ್ತು ಬರುವ ತನಕ ಬಚ್ಚಿಟ್ಟುಕೊಂಡಿದ್ದ. ತಂಡದವರು ರಾಗ ಗೊತ್ತಿದ್ದು, ಕಥೆ ಗೊತ್ತಿಲ್ಲದೆಯೇ ನುಡಿಸಿದರು. ಹಿನ್ನೆಲೆಯಲ್ಲಿ ಅಲೆಯ ಹಾಗೆ ಬರುವ ಹೆಣ್ಣುದನಿ ಅವನ ಹೆಂಡತಿ ರಾಸಾಳದು. ಆ ವರ್ಷಗಳ ಕಿಂಕ್ಸ್ ರೆಕಾರ್ಡುಗಳಲ್ಲಿ ಅವಳ ದನಿ ಎಷ್ಟೊಂದು ಕಡೆ ಇದೆ. ಹೊದಿಕೆಯ ಮೇಲೆ ಹೆಸರಿಲ್ಲ. ಹೆಡ್‌ಫೋನ್ ಹಾಕಿಕೊಂಡು ಅವಳೊಬ್ಬಳನ್ನೇ ಹಿಂಬಾಲಿಸಿ ಕೇಳಿ ನೋಡಿ.

1968ರ ನವೆಂಬರ್ 22ರಂದು 'ದಿ ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ' ಬಂತು. ಅದೇ ದಿನ ಬೀಟಲ್ಸ್‌ನ ಬಿಳಿ ಹೊದಿಕೆಯ ಜೋಡಿ ಆಲ್ಬಮ್ಮೂ ಬಂತು. ಇನ್ನು ಇವರದನ್ನು ಯಾರು ಕೇಳುತ್ತಾರೆ? ಚಾರ್ಟಿನಲ್ಲಿ ಎಲ್ಲೂ ಕಾಣಲಿಲ್ಲ. ಲೋಕವೆಲ್ಲ ಕ್ರಾಂತಿ ಅನ್ನುತ್ತಿದ್ದ ವರ್ಷ. ಇವನು ಹಳೆಯ ಫೋಟೋ ಆಲ್ಬಮ್ಮು, ಶಾಲೆಯ ಗೆಳೆಯ, ಉಗಿಬಂಡಿ ಅಂತ 15 ಹಾಡು ಬರೆದ. ಬ್ರಿಟಿಷ್ ರೈಲ್ವೆಯ ಕೊನೆಯ ಉಗಿಬಂಡಿಗಳು ಓಡಿದ್ದು ಆ ವರ್ಷದ ಆಗಸ್ಟಿನಲ್ಲೇ. ಇದನ್ನು ಬರೀ ಹಳೇ ಕಾಲದ ಹಂಬಲ ಅಂತ ಕೆಲವರು ತಳ್ಳಿಹಾಕುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಹಳೆಯ ಗೆಳೆಯ ವಾಲ್ಟರ್ ಈಗ ಸಿಕ್ಕಿದರೆ ಮಾತಾಡಲು ಏನೂ ಇರುವುದಿಲ್ಲ ಅಂತ ಆ ಹಾಡಿನಲ್ಲೇ ಇದೆ. ಉಳಿಸಿಕೊಳ್ಳಲು ಆಗುವುದಿಲ್ಲ ಅಂತ ಗೊತ್ತಿದ್ದೇ ಉಳಿಸಿಕೊಳ್ಳಲು ನೋಡುವವನ ಹಾಡುಗಳಿವು. ಈಗ ಕಿಂಕ್ಸ್ ಅಂದರೆ ಮೊದಲು ಹೇಳುವ ಆಲ್ಬಮ್ಮೇ ಇದು.

ನನಗೆ ಮಾತ್ರ ಅದಕ್ಕಿಂತ ಮುಂದಿನದು ದೊಡ್ಡದು. 1969ರ 'ಅರ್ಥರ್'. ಪೂರ್ತಿ ಹೆಸರಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಏಳುಬೀಳಿನ ಮಾತು ಬರುತ್ತದೆ. ಗ್ರಾನಡಾ ಟಿವಿಗಾಗಿ ಲೇಖಕ ಜೂಲಿಯನ್ ಮಿಚೆಲ್ ಜೊತೆ ಸೇರಿ ಕಟ್ಟಿದ ನಾಟಕ ಇದು. ಟಿವಿಯವರು ಕೈಬಿಟ್ಟರು, ಹಾಡುಗಳು ಉಳಿದವು. ಕಥಾನಾಯಕ ಕಾರ್ಪೆಟ್ ಹಾಸುವ ಕೆಲಸದವನು. ಅಣ್ಣ ಮೊದಲ ಮಹಾಯುದ್ಧದಲ್ಲಿ ಸತ್ತ, ಒಬ್ಬ ಮಗ ಕೊರಿಯಾದಲ್ಲಿ ಸತ್ತ, ಇನ್ನೊಬ್ಬ ಮಗ ಹೆಂಡತಿ ಮಕ್ಕಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟು ನಿಂತಿದ್ದಾನೆ. ಇವನಿಗೆ ಉಳಿದದ್ದು ಶಾಂಗ್ರಿಲಾ ಅಂತ ಹೆಸರಿಟ್ಟುಕೊಂಡ ಒಂದು ಸಣ್ಣ ಮನೆ, ಸಾಲದ ಕಂತು, ಒಂದು ಕಾರು. ಹೆಸರೂ ಸ್ಫೂರ್ತಿಯೂ ರೇ ಬೆಳೆದ ಮನೆಯ ಭಾವನದು.

ಮೊದಲ ಹಾಡು 'ವಿಕ್ಟೋರಿಯಾ'. ರಾಣಿಯ ಆಳ್ವಿಕೆಯ ದೇಶಗಳ ಪಟ್ಟಿಯಲ್ಲಿ ಇಂಡಿಯಾದ ಹೆಸರೂ ಬರುತ್ತದೆ. ಆ ಜಾಗದಲ್ಲಿ ನಮಗೆ ಸಣ್ಣಗೆ ಚುಚ್ಚುವುದು ಸಹಜ. ಆದರೆ ಅದನ್ನು ಹಾಡುತ್ತಿರುವವನು ಗದ್ದೆಯೂ ಇಲ್ಲದ, ಅಧಿಕಾರವೂ ಇಲ್ಲದ ಬಡವ. ತಾನು ಬಡವನಾದರೂ ಸ್ವತಂತ್ರ ಅಂತ ಹಾಡುತ್ತಾನೆ. ಸಾಮ್ರಾಜ್ಯ ನಮ್ಮಿಂದ ಏನು ಕಿತ್ತುಕೊಂಡಿತು ಅಂತ ನಮಗೆ ಗೊತ್ತು. ತನ್ನದೇ ಬಡವರಿಗೆ ಏನು ಕೊಟ್ಟಿತು ಅಂತ ಈ ರೆಕಾರ್ಡು ಹೇಳುತ್ತದೆ. ಕೊಟ್ಟದ್ದು ಸತ್ತ ಮಕ್ಕಳನ್ನು. 'ಸಮ್ ಮದರ್ಸ್ ಸನ್' ಹಾಡಿನಲ್ಲಿ ಯುದ್ಧಭೂಮಿಯಲ್ಲಿ ಹುಡುಗ ಬಿದ್ದಿದ್ದಾನೆ, ಮನೆಯಲ್ಲಿ ಅಮ್ಮ ಅವನ ಫೋಟೋಕ್ಕೆ ಕಟ್ಟು ಹಾಕಿಸಿ ಇಟ್ಟಿದ್ದಾಳೆ. ಯಾವ ಘೋಷಣೆಯೂ ಇಲ್ಲದೆ ಇಷ್ಟು ಕಠಿಣವಾಗಿ ಯುದ್ಧವನ್ನು ಬಯ್ದ ರಾಕ್ ಹಾಡು ನನಗೆ ಇನ್ನೊಂದು ಸಿಕ್ಕಿಲ್ಲ.

1970ರ 'ಲೋಲಾ' ಮತ್ತೆ ಅದೃಷ್ಟ ತಂದಿತು, ಬ್ರಿಟನ್ನಿನಲ್ಲಿ 2, ಅಮೆರಿಕಾದಲ್ಲಿ 9. ಹಾಡಿನಲ್ಲಿ ಕೋಕಾ ಕೋಲಾ ಅನ್ನುವ ಮಾತಿದೆ, ಜಾಹೀರಾತಾಗುತ್ತದೆ ಅಂತ ಬಿಬಿಸಿ ಒಪ್ಪಲಿಲ್ಲ. ಅಮೆರಿಕಾ ಪ್ರವಾಸದ ನಡುವೆ ರೇ ಲಂಡನ್ನಿಗೆ ಹಾರಿ ಬಂದು ಅದನ್ನು ಚೆರ್ರಿ ಕೋಲಾ ಮಾಡಿ ಹೋದ. ಗಂಡು ಹೆಣ್ಣಿನ ಗೆರೆ ಕಲಸಿಹೋದ ಒಂದು ಭೇಟಿಯ ಹಾಡು ಅದು. ಯಾರನ್ನೂ ಹೀಯಾಳಿಸದೆ ಬರೆದಿದ್ದಾನೆ, 1970ರಲ್ಲಿ.

ಮರುವರ್ಷದ 'ಮಸ್ವೆಲ್ ಹಿಲ್‌ಬಿಲ್ಲೀಸ್' ಆಲ್ಬಮ್ಮಿನಲ್ಲಿ 'ಓಕ್ಲಹೋಮ ಯುಎಸ್‌ಎ' ಅಂತ ಒಂದು ಪುಟ್ಟ ಹಾಡಿದೆ. ದಿನವಿಡೀ ದುಡಿಯುವ ಹುಡುಗಿಯೊಬ್ಬಳು ಮನಸ್ಸಿನಲ್ಲೇ ಅಮೆರಿಕಾದ ಸಿನಿಮಾ ಹಾಡುಗಳ ಊರಿನಲ್ಲಿ ಬದುಕುತ್ತಾಳೆ. ರೀನಿ ಕೊನೆಯ ಸಲ ಕುಣಿದದ್ದು ಯಾವ ಹಾಡಿಗೆ ಅಂತ ಗೊತ್ತಿದ್ದವರಿಗೆ ಅದನ್ನು ಸುಮ್ನೆ ಕೇಳಿ ಎದ್ದು ಹೋಗಲು ಆಗುವುದಿಲ್ಲ.

1973ರ ಬೇಸಿಗೆಯಲ್ಲಿ ರಾಸಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟಳು. ಜುಲೈ 15ರಂದು ಲಂಡನ್ನಿನ ವೈಟ್ ಸಿಟಿ ಸ್ಟೇಡಿಯಮ್ಮಿನಲ್ಲಿ ರೇ ಸ್ಟೇಜಿನ ಮೇಲೆಯೇ ಇನ್ನು ಸಾಕು ಅಂದ. ಅವತ್ತೇ ಆಸ್ಪತ್ರೆ ಸೇರಿದ. ಚೇತರಿಸಿಕೊಂಡ. ಆಮೇಲಿನ ವರ್ಷಗಳಲ್ಲಿ ಅಮೆರಿಕಾದ ದೊಡ್ಡ ದೊಡ್ಡ ಸ್ಟೇಡಿಯಮ್ಮುಗಳು ತುಂಬಿದವು, ದುಡ್ಡೂ ಬಂತು. ಆ ಆಲ್ಬಮ್ಮುಗಳನ್ನು ಪ್ರೀತಿಸುವವರಿದ್ದಾರೆ. ನನಗೆ ಅವುಗಳಲ್ಲಿ ಮನೆ ಕಾಣುವುದಿಲ್ಲ, ರಾಸಾಳ ದನಿಯೂ ಇಲ್ಲ.

ಆದರೆ 1982ರಲ್ಲಿ 'ಕಮ್ ಡ್ಯಾನ್ಸಿಂಗ್' ಬಂತು. ಬ್ರಿಟನ್ನಿನಲ್ಲಿ ಮೊದಲು ಯಾರೂ ಕೇಳಲಿಲ್ಲ. ಮರುವರ್ಷ ಅಮೆರಿಕಾದಲ್ಲಿ ಅದರ ವಿಡಿಯೋ ಎಂಟಿವಿಯಲ್ಲಿ ಓಡಿ ಹಾಡು 6ನೇ ಜಾಗಕ್ಕೆ ಏರಿತು. ಆಮೇಲೆ ಬ್ರಿಟನ್ನಿನಲ್ಲೂ ಮತ್ತೆ ಬಿಡುಗಡೆಯಾಗಿ 12ಕ್ಕೆ ಬಂತು. ಊರಿನ ಡ್ಯಾನ್ಸ್ ಹಾಲ್ ಕೆಡವಿ ಬೌಲಿಂಗ್ ಆಟದ ಜಾಗ ಮಾಡಿದರು, ಅಲ್ಲಿ ಸೂಪರ್ ಮಾರ್ಕೆಟ್ ಬಂತು, ಈಗ ಕಾರು ನಿಲ್ಲಿಸುತ್ತಾರೆ. ಶನಿವಾರ ಬಂತೆಂದರೆ ಅಕ್ಕ ಅಲ್ಲಿಗೆ ಹೋಗುತ್ತಿದ್ದಳು. ಗೇಟಿನ ಹತ್ತಿರ ಹುಡುಗ ಅವಳನ್ನು ಬೀಳ್ಕೊಡುವುದನ್ನು ತಮ್ಮ ಕಿಟಕಿಯಿಂದ ನೋಡುತ್ತಿದ್ದ. ಈಗ ಅವಳಿಗೇ ಬೆಳೆದ ಹೆಣ್ಣುಮಕ್ಕಳಿದ್ದಾರೆ, ಅವರು ಹೊರಗೆ ಹೋದರೆ ಇವಳು ಎಚ್ಚರವಿರುತ್ತಾಳೆ. ಅಕ್ಕಾ, ಬಾ, ಕುಣಿಯೋಣ ಅಂತ ಹಾಡು ಕರೆಯುತ್ತದೆ. ರಾಗ ಎಷ್ಟು ಹಗುರವಾಗಿದೆ ಅಂದರೆ ಮಕ್ಕಳೂ ಕುಣಿಯುತ್ತಾರೆ. ರೀನಿಗೆ ಸಿಗದ ನಡುವಯಸ್ಸನ್ನು, ದೊಡ್ಡ ಮಕ್ಕಳನ್ನು ತಮ್ಮ ಹಾಡಿನಲ್ಲಿ ಕೊಟ್ಟಿದ್ದಾನೆ ಅಂತ ನಾನು ಓದಿಕೊಳ್ಳುತ್ತೇನೆ.

ಕಿಂಕ್ಸ್ 1996ರಲ್ಲಿ ನಿಂತಿತು. 2004ರ ಜನವರಿಯಲ್ಲಿ ರೇ ನ್ಯೂ ಆರ್ಲಿಯನ್ಸ್‌ನಲ್ಲಿ ಜೊತೆಗಿದ್ದವಳ ಪರ್ಸ್ ಕಿತ್ತವರನ್ನು ಅಟ್ಟಿಸಿಕೊಂಡು ಹೋಗಿ ಕಾಲಿಗೆ ಗುಂಡೇಟು ತಿಂದ. 2012ರ ಲಂಡನ್ ಒಲಿಂಪಿಕ್ಸ್ ಮುಕ್ತಾಯದಲ್ಲಿ 'ವಾಟರ್‌ಲೂ ಸನ್‌ಸೆಟ್' ಹಾಡಿದ. 2017ರಲ್ಲಿ ಸರ್ ರೇ ಡೇವಿಸ್ ಆದ. ಪೀಟ್ ಕ್ವೇಫ್ 2010ರಲ್ಲಿ ತೀರಿಕೊಂಡ. ಅಣ್ಣ ತಮ್ಮ ಮತ್ತೆ ಒಂದಾಗುತ್ತಾರೆ ಅಂತ ಪ್ರತಿ ಎರಡು ವರ್ಷಕ್ಕೆ ಸುದ್ದಿ ಬರುತ್ತಲೇ ಇರುತ್ತದೆ.

ಕೇಳಲು ಶುರು ಮಾಡುವವರು ಹಿಟ್ ಹಾಡುಗಳ ಸಂಗ್ರಹಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಮಾತು. ಮೊದಲು 'ಸೀ ಮೈ ಫ್ರೆಂಡ್ಸ್', ಅದರ ಬೆನ್ನಿಗೇ 'ವಾಟರ್‌ಲೂ ಸನ್‌ಸೆಟ್', ಆಮೇಲೆ 'ಕಮ್ ಡ್ಯಾನ್ಸಿಂಗ್', ಈ ಸಾಲಿನಲ್ಲಿ ಕೇಳಿ. 'ಅರ್ಥರ್' ಅನ್ನು ಬಿಡುವಿರುವ ಒಂದು ದಿನಕ್ಕೆ ಇಟ್ಟುಕೊಂಡು ಮೊದಲಿಂದ ಕೊನೆಯ ತನಕ ಒಂದೇ ಸಲಕ್ಕೆ ಕೇಳಿ. ಮಾತುಗಳ ಹಾಳೆ ಪಕ್ಕದಲ್ಲಿರಲಿ.